ಸೊನ್ನೆಯಾಚೆಯ ಮಾತು

ನಂಜನಗೂಡಿನ ಮಹದೇವಸ್ವಾಮಿ ತನ್ನ ತಾಯಿಯ ಮಾತಿನ ಯಂತ್ರವನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಹೂಟಗಳ್ಳಿಯ ಕಚೇರಿಗೆ ಬಂದಾಗ ದಮಯಂತಿ ಊಟದ ಡಬ್ಬಿ ತೆರೆಯುತ್ತಿದ್ದಳು. ಆತ ಗಂಟನ್ನು ಮೇಜಿನ ಮೇಲಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಯಂತ್ರ ಕೆಟ್ಟಿದೆಯಾ ಎಂದು ಅವಳು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದ.

"ಅಮ್ಮ ಬರ್ದಿದ್ದಕ್ಕಿಂತ ಜಾಸ್ತಿ ಮಾತಾಡ್ತದೆ ಮೇಡಂ."

ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾಗಿ ಬಂದವರಿಗೆ ಆ ಸಂಸ್ಥೆ ಮಾತು ಮಾಡಿಕೊಡುತ್ತಿತ್ತು. ಯಂತ್ರಗಳ ಪ್ರೋಗ್ರಾಮು ಬರೆಯುವುದು ದಮಯಂತಿಯ ಕೆಲಸ. ಆಪರೇಷನ್ನಿಗೆ ಮೊದಲು ರೋಗಿಯನ್ನು ಕೂರಿಸಿಕೊಂಡು ಅವರ ದನಿಯನ್ನು ರೆಕಾರ್ಡು ಮಾಡಿಕೊಳ್ಳುತ್ತಿದ್ದರು. ಆಮೇಲೆ ಅವರು ಒಂದು ಸಣ್ಣ ಕಂಪ್ಯೂಟರಿನಲ್ಲಿ ಬೇಕಾದ್ದನ್ನು ಟೈಪು ಮಾಡಿ ಹಸಿರು ಗುಂಡಿ ಒತ್ತಿದರೆ ಅವರದೇ ಹಳೆಯ ದನಿಯಲ್ಲಿ ಮಾತು ಬರುತ್ತಿತ್ತು. ಅದೇ ಏರಿಳಿತ, ಅದೇ ರಾಗ. ಮೊದಲ ಸಲ ಕೇಳಿದ ಮನೆಯವರು ಅಳದೆ ಇದ್ದದ್ದನ್ನು ದಮಯಂತಿ ನೋಡಿರಲಿಲ್ಲ. ಅವಳೂ ಅತ್ತಿದ್ದಳು. ಅವಳ ಗಂಡ ಚಿದಂಬರ ಮೈಸೂರಿನ ಕೋರ್ಟಿನಲ್ಲಿ ವಕೀಲ. ವರ್ಷದ ಹಿಂದೆ ಅವನ ಗಂಟಲನ್ನೂ ಕೊಯ್ದಿದ್ದರು. ಅವನ ಮಾತಿನ ಯಂತ್ರವನ್ನು ಅವಳೇ ಸಿದ್ಧಮಾಡಿ ಮನೆಗೆ ಒಯ್ದಿದ್ದಳು.

ಮಹದೇವಸ್ವಾಮಿ ನಡೆದದ್ದನ್ನು ಹೇಳಿದ. ತಾಯಿ ದೇವಮ್ಮಣ್ಣಿ ಬೆಳಿಗ್ಗೆ 'ಕಾಫಿ ಸಾಕು' ಎಂದು ಬರೆದು ಗುಂಡಿ ಒತ್ತಿದಳು. ಯಂತ್ರ ಕಾಫಿ ಸಾಕು ಎಂದಿತು. ಅಲ್ಲಿಗೆ ನಿಲ್ಲದೆ, ತುಟಿ ಮುಚ್ಚಿ ತೆರೆದ ಹಾಗೆ 'ಮ' ಎಂದು ಒಂದು ಸದ್ದು ಮಾಡಿ, 'ಇದ್ದಿದ್ರೆ ಹಿಂಗ್ ಮಾಡ್ತಿರ್ಲಿಲ್ಲ' ಎಂದಿತು. ದನಿ ತಾಯಿಯದೇ. ಆದರೆ ಆಕೆ ಅದನ್ನು ಕೇಳಿ ಪೆಟ್ಟಿಗೆಯನ್ನು ದೂರ ತಳ್ಳಿದವಳು ಮತ್ತೆ ಮುಟ್ಟಿಲ್ಲ. ತನ್ನ ತಮ್ಮ, ಅಮ್ಮನ ಕಿರಿಯ ಮಗ, ಕಪಿಲಾ ನದಿಯಲ್ಲಿ ಮುಳುಗಿ ಹೋದ ಮೇಲೆ ಮನೆಯಲ್ಲಿ ಅವನ ಹೆಸರೆತ್ತುವುದಿಲ್ಲ, ಈಗ ಅವನೇ ಇದರೊಳಗೆ ಸೇರಿಕೊಂಡಿದ್ದಾನೆ ಎಂದು ಅಮ್ಮ ನಂಬಿಬಿಟ್ಟಿದ್ದಾಳೆ ಎಂದ. ತಾನು ನಂಬಿದ್ದಾನೋ ಇಲ್ಲವೋ ಅವನು ಹೇಳಲಿಲ್ಲ. ಟವೆಲನ್ನು ಮಾತ್ರ ವಾಪಸು ಒಯ್ಯಲಿಲ್ಲ.

ದಮಯಂತಿ ಮಧ್ಯಾಹ್ನವೆಲ್ಲ ಆ ಯಂತ್ರದಲ್ಲಿ ಒಂದೊಂದೇ ವಾಕ್ಯ ಟೈಪು ಮಾಡಿ ಗುಂಡಿ ಒತ್ತಿದಳು. ಬರೆದಷ್ಟನ್ನೇ ಹೇಳಿತು. ಒಂದು ಅಕ್ಷರ ಹೆಚ್ಚಿಲ್ಲ. ಮುಖ್ಯಸ್ಥ ಉತ್ತಯ್ಯ ಬಂದು ನೋಡಿ, ಮುದುಕಿಗೆ ಭ್ರಮೆಯಿರಬಹುದು ಎಂದು ಹೋದರು. ಅವಳಿಗೂ ಹಾಗೇ ಅನ್ನಿಸಿತು.

ಆ ಸಂಜೆ ಸರಸ್ವತಿಪುರಂನ ಮನೆಯಲ್ಲಿ ಅವಳು ಆಸ್ಪತ್ರೆಯ ವಿಷಯ ತೆಗೆದಳು. ಗಂಡನ ರೋಗ ನಾಲಿಗೆಯ ಬುಡದಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಡಾಕ್ಟರು ಇನ್ನೊಂದು ಆಪರೇಷನ್ ಹೇಳಿದ್ದರು. ಅರ್ಧ ನಾಲಿಗೆ ಹೋಗುತ್ತದೆ, ಊಟ ನಳಿಕೆಯಲ್ಲಿ, ಆದರೂ ಒಂದಷ್ಟು ಕಾಲ ಸಿಗಬಹುದು. ತನಗೋಸ್ಕರ ಇದೊಂದು ಸಲ ಒಪ್ಪಿಕೊಳ್ಳಬೇಕೆಂದು ಅವಳು ಹಿಂದೆಯೂ ಕೇಳಿದ್ದಳು, ಈಗಲೂ ಕೇಳಿದಳು. ಚಿದಂಬರ ಯಂತ್ರವನ್ನು ಎದುರಿಗೆ ಎಳೆದುಕೊಂಡ. ಅವನ ಬೆರಳುಗಳು ಸ್ವಲ್ಪ ಹೊತ್ತು ಆಡಿದವು, ನಿಂತವು, ಮತ್ತೆ ಆಡಿದವು. ಗುಂಡಿ ಒತ್ತಿದ.

"ಆಯ್ತು ಹೋಗೋಣ" ಎಂದಿತು ಅವನ ದನಿ. ಆಮೇಲೆ ಎದೆಯಾಳದಿಂದ ಉಸಿರು ಹೊರಬಿಟ್ಟಂಥ ಒಂದು ಸದ್ದು. ಅದರ ಹಿಂದೆಯೇ, "ಕೆ ಏನು ಉಳಿದಿದೆ ನನ್ನಲ್ಲಿ."

ಗಂಟಲಿನಲ್ಲಿ ರಂಧ್ರವಿರುವ ಮನುಷ್ಯನ ಉಸಿರು ಹಾಗೆ ಬಾಯಿಂದ ಬರುವುದಿಲ್ಲ. ಒಂದು ವರ್ಷದಿಂದ ದಮಯಂತಿ ಆ ಸದ್ದನ್ನು ಕೇಳಿರಲಿಲ್ಲ. ಚಿದಂಬರ ಯಂತ್ರವನ್ನೇ ದಿಟ್ಟಿಸುತ್ತಿದ್ದ. ಮುಖ ಬಿಳಿಚಿಕೊಂಡಿತ್ತು. ಏನಿದು, ನೀವೇ ಬರೆದಿರಾ ಎಂದು ಅವಳು ಕೇಳಿದಾಗ ಅವನು ಪರದೆಯನ್ನು ಅವಳತ್ತ ತಿರುಗಿಸಿ ತೋರಿಸಿದ. ಅಲ್ಲಿದ್ದದ್ದು ಎರಡೇ ಪದ: ಆಯ್ತು ಹೋಗೋಣ.

ಮರುದಿನ ಅವಳು ದೇವಮ್ಮಣ್ಣಿಯ ಯಂತ್ರದ ಮುಂದೆ ಮತ್ತೆ ಕೂತಳು. ಮನಸ್ಸೆಲ್ಲ ಮನೆಯಲ್ಲಿತ್ತು. ಬೆರಳುಗಳು ತಮ್ಮ ಪಾಡಿಗೆ 'ಇವರು ಉಳಿದುಕೊಳ್ತಾರಾ' ಎಂದು ಬರೆದುಬಿಟ್ಟವು. ಯಾರಾದರೂ ನೋಡಿಯಾರೆಂದು ಥಟ್ಟನೆ ಅಳಿಸಿ 'ಪರೀಕ್ಷೆ' ಎಂದು ಬರೆದು ಗುಂಡಿ ಒತ್ತಿದಳು.

"ಪರೀಕ್ಷೆ" ಎಂದಿತು ದೇವಮ್ಮಣ್ಣಿಯ ದನಿ. ಒಂದು ಉಸಿರು. "ದುಕೊಳ್ತಾರಾ."

ಅವಳು ಕುರ್ಚಿಯಿಂದ ಎದ್ದು ನಿಂತಳು. ಕಾಣದ ಮುದುಕಿಯೊಬ್ಬಳು ತನ್ನ ಒಳಗನ್ನು ಓದಿದಂತಾಗಿ ಹೆದರಿಕೆಯಾಯಿತು. ಹೆದರಿಕೆ ಇಳಿದ ಮೇಲೆ, ಅದು ತಾನೇ ಈಗಷ್ಟೇ ಅಳಿಸಿದ ಮಾತಿನ ಕೊನೆ ಎಂದು ಹೊಳೆಯಿತು. ಕೂತು, ಪ್ರೋಗ್ರಾಮನ್ನು ನಡುವೆ ತಡೆದು ನಿಲ್ಲಿಸಿ, ಕಂಪ್ಯೂಟರಿನ ಸ್ಮೃತಿಯನ್ನು ತೆರೆದು ನೋಡಿದಳು.

ದನಿ ಹೊರಡಿಸುವ ಕೆಲಸ ಮಾಡುತ್ತಿದ್ದದ್ದು ದಮಯಂತಿಯ ಪ್ರೋಗ್ರಾಮಲ್ಲ. ಅದು ವಾಸುಕಿ ಎಂಬ ಎಂಜಿನಿಯರು ಎಷ್ಟೋ ವರ್ಷದ ಹಿಂದೆ ಬರೆದಿಟ್ಟ ಒಂದು ಲೈಬ್ರರಿ. ಪುಸ್ತಕಗಳದ್ದಲ್ಲ, ಬೇರೆ ಪ್ರೋಗ್ರಾಮುಗಳು ಕರೆದು ಕೆಲಸ ಮಾಡಿಸಿಕೊಳ್ಳಬಹುದಾದ ಸಿದ್ಧ ಸಲಕರಣೆ. ವಾಸುಕಿ ಅಪಘಾತದಲ್ಲಿ ತೀರಿಹೋದ. ಅವನು ಬರೆದ ಮೂಲ ಸಾಲುಗಳು ಎಲ್ಲಿ ಹೋದವೋ ಯಾರಿಗೂ ಸಿಗಲಿಲ್ಲ. ಯಂತ್ರಭಾಷೆಯ ಗಟ್ಟಿ ಮುದ್ದೆಯೊಂದು ಉಳಿದಿತ್ತು. ಒಳಗೇನಿದೆ ಎಂದು ತೆರೆದು ನೋಡುವ ಹಾಗಿಲ್ಲ, ತಿದ್ದುವ ಹಾಗಿಲ್ಲ, ಕರೆದರೆ ಓಗೊಡುತ್ತದೆ ಅಷ್ಟೇ. ಮೇಲಿನ ಪ್ರೋಗ್ರಾಮು ಅದಕ್ಕೆ ಅಕ್ಷರಗಳ ಸಾಲೊಂದನ್ನು ಒಪ್ಪಿಸಬೇಕು. ಸಾಲು ಎಲ್ಲಿ ಮುಗಿಯುತ್ತದೆ ಎಂದು ಲೈಬ್ರರಿಗೆ ತಾನಾಗಿ ತಿಳಿಯುವುದಿಲ್ಲ. ಕೊನೆಯ ಅಕ್ಷರದ ಪಕ್ಕದಲ್ಲಿ ಒಂದು ಸೊನ್ನೆ ಇಟ್ಟಿರಬೇಕು. ಸೊನ್ನೆ ಸಿಗುವ ತನಕ ಅದು ಓದುತ್ತಲೇ ಹೋಗುತ್ತದೆ.

ಹಿಂದೆ ಪ್ರೋಗ್ರಾಮು ಪ್ರತಿ ಮಾತಿಗೂ ಒಂದು ನಕಲು ಮಾಡಿ, ಕೊನೆಗೆ ಸೊನ್ನೆಯಿಟ್ಟು ಕೊಡುತ್ತಿತ್ತು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಗುಂಡಿ ಒತ್ತಿದ ಮೇಲೆ ಮಾತು ಬರುವುದಕ್ಕೆ ಒಂದು ಗಳಿಗೆ ತಡ. ಅಷ್ಟರಲ್ಲಿ ಎದುರಿನವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಪಾಟೀಸವಾಲಿನಲ್ಲಿ ಸಾಕ್ಷಿಗಳಿಗೆ ಬೆವರಿಳಿಸುತ್ತಿದ್ದ ಚಿದಂಬರ ನೆಂಟರ ನಡುವೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಮಾತಿಗೆ ಕಾಯುವುದನ್ನು ಅವಳಿಗೆ ನೋಡಲಾಗಿರಲಿಲ್ಲ. ಹೊಸ ಆವೃತ್ತಿಯಲ್ಲಿ ನಕಲನ್ನು ತೆಗೆದುಹಾಕಿ, ಟೈಪಿಸಿದ ಅಕ್ಷರಗಳು ಕೂತಿರುವ ಜಾಗದ ವಿಳಾಸವನ್ನೇ ಲೈಬ್ರರಿಗೆ ನೇರವಾಗಿ ಕೊಡುವ ಹಾಗೆ ಮಾಡಿದ್ದಳು. ತಡ ಹೋಯಿತು. ಸೊನ್ನೆಯೂ ಹೋಯಿತು.

ಆಡಿದ ಮಾತಿನ ಜಾಗವನ್ನು ಪ್ರೋಗ್ರಾಮು ಮರುಗಳಿಗೆಯೇ ಗುಡಿಸಿ ಸೊನ್ನೆ ತುಂಬುತ್ತಿತ್ತು. ಹಾಗಾಗಿ ಎಷ್ಟು ಪರೀಕ್ಷೆ ಮಾಡಿದರೂ ಎಲ್ಲ ಸರಿಯಾಗಿ ಕಂಡಿತ್ತು. ಆದರೆ ಆಡದೆ ಅಳಿಸಿದ ಮಾತನ್ನು ಯಾರೂ ಗುಡಿಸುತ್ತಿರಲಿಲ್ಲ. ಅಳಿಸಿದರೆ ಪರದೆಯಿಂದ ಮರೆಯಾಗುತ್ತಿತ್ತೇ ಹೊರತು ಅಕ್ಷರಗಳು ಸ್ಮೃತಿಯಲ್ಲಿ ಇದ್ದಲ್ಲೇ ಇರುತ್ತಿದ್ದವು. ಅವುಗಳ ತಲೆಯ ಮೇಲೆ ಹೊಸ ಚಿಕ್ಕ ಮಾತು ಬಂದು ಕೂತರೆ ಬಾಲ ಉಳಿಯುತ್ತಿತ್ತು. ಯಂತ್ರ ಹೊಸ ಮಾತನ್ನು ಹೇಳಿ ಮುಗಿಸಿ, ನಿಲ್ಲುವುದು ತಿಳಿಯದೆ, ಬಾಲವನ್ನೂ ಓದುತ್ತಿತ್ತು. ವ್ಯಂಜನ ಕಳೆದುಕೊಂಡು ಒಂಟಿಯಾಗಿ ನಿಂತ ಕೊಂಬೋ ಗುಡಿಸೋ ಅಂಥ ಸ್ವರಚಿಹ್ನೆ ಸಿಕ್ಕಿದರೆ ಅದನ್ನು ಉಚ್ಚರಿಸಲಾಗದೆ ಉಸಿರಿನಂಥ ಸದ್ದು ಮಾಡುತ್ತಿತ್ತು.

ಅದರೊಳಗೆ ಯಾವ ಸತ್ತವನೂ ಇರಲಿಲ್ಲ. 'ನಿನ್ನ ತಮ್ಮ ಇದ್ದಿದ್ರೆ ಹಿಂಗ್ ಮಾಡ್ತಿರ್ಲಿಲ್ಲ' ಎಂದು ದೇವಮ್ಮಣ್ಣಿಯೇ ಬರೆದಿರಬೇಕು. ಮನಸ್ಸು ಬಾರದೆ ಅಳಿಸಿ, ಕಾಫಿ ಸಾಕು ಎಂದಿದ್ದಳು. ಚಿದಂಬರನೂ ಹಾಗೇ. ಹೋಗೋಣ ಎನ್ನುವ ಮೊದಲು ಅವನು ಬರೆದದ್ದು ಏನೆಂದು ಪೂರ್ತಿ ತಿಳಿಯುವ ಹಾಗಿರಲಿಲ್ಲ. ಆದರೆ 'ಕೊಯ್ಯೋಕೆ' ಎಂಬ ಪದವನ್ನು ಅವಳ ಮನಸ್ಸು ತಾನಾಗಿ ತುಂಬಿಕೊಂಡಿತು.

ಸರಿಪಡಿಸಲು ಒಂದೇ ಸಾಲು ಸಾಕಾಯಿತು. ಕೊನೆಯ ಅಕ್ಷರದ ಪಕ್ಕ ಒಂದು ಸೊನ್ನೆ. ಬಾಲ ಅಲ್ಲೇ ಇರುತ್ತದೆ, ಆದರೆ ಲೈಬ್ರರಿ ಸೊನ್ನೆಯಾಚೆಗೆ ಹೋಗುವುದಿಲ್ಲ. ಉತ್ತಯ್ಯನವರು ಅದೇ ದಿನ ಎಲ್ಲರ ಯಂತ್ರಕ್ಕೂ ಕಳಿಸಬೇಕೆಂದರು. ಜನರಿಗೆ ಸಣ್ಣ ದೋಷ ಎಂದಷ್ಟೇ ಹೇಳಿದರೆ ಸಾಕು, ಇಲ್ಲದಿದ್ದರೆ ಎಷ್ಟು ಮನೆಗಳಲ್ಲಿ ಜಗಳವಾಗುತ್ತದೋ ಎಂದರು. ದಮಯಂತಿ ಒಪ್ಪಿದಳು. ಮಹದೇವಸ್ವಾಮಿಗೆ ಫೋನು ಮಾಡಿ ಯಂತ್ರ ಸರಿಯಾಗಿದೆ ಎಂದಾಗ ಅವನು, ಹಾಗಾದರೆ ಆ ಮಾತು ಎಲ್ಲಿಂದ ಬಂತು ಎಂದು ಕೇಳಿದ. ರೆಕಾರ್ಡಿನ ತುಣುಕುಗಳು ಕಲಸಿಹೋಗಿದ್ದವು, ಅದಕ್ಕೆ ಅರ್ಥವಿಲ್ಲ ಎಂದಳು. ಒಬ್ಬ ತಾಯಿ ನುಂಗಿಕೊಂಡ ಮಾತನ್ನು ಅವಳ ಮಗನಿಗೆ ಕೊಡುವ ಅಧಿಕಾರ ತನಗಿಲ್ಲ ಎಂಬುದು ಅವಳಿಗೆ ಅಷ್ಟು ಸ್ಪಷ್ಟವಾಗಿತ್ತು.

ಆದರೆ ತನ್ನ ಮನೆಯ ಯಂತ್ರಕ್ಕೆ ಅವಳು ಆ ಸಾಲನ್ನು ಹಾಕಲಿಲ್ಲ.

ಇವತ್ತು ಬೇಡ, ನಾಳೆ ಹಾಕಿದರಾಯಿತು ಎಂದುಕೊಂಡಳು. ಆಪರೇಷನ್ನಿನ ಬಗ್ಗೆ ಅವನ ಮನಸ್ಸಿನಲ್ಲಿ ನಿಜವಾಗಿ ಏನಿದೆಯೆಂದು ತಿಳಿಯಬೇಕು, ಅವನ ಒಳ್ಳೆಯದಕ್ಕೇ ತಾನೇ ಎಂದುಕೊಂಡಳು. ಊಟಕ್ಕೆ ಕೂತಾಗ ಅವನು 'ಅನ್ನ ಸಾಕು' ಎಂದು ಹೇಳಿಸಿದ. ಉಸಿರಿನ ಸದ್ದಾಯಿತು. "ಕೂತು ತಿನ್ನೋಕೆ ನಿಂಗೂ ಕಷ್ಟ" ಎಂದಿತು ಯಂತ್ರ. ಅವಳು ಕೇಳಿಸದವಳ ಹಾಗೆ ಸಾರಿನ ಪಾತ್ರೆ ಮುಚ್ಚಿದಳು. ಅವನು ತಲೆಯೆತ್ತಲಿಲ್ಲ. ಇನ್ನೊಂದು ಬೆಳಿಗ್ಗೆ ಅವಳು ಕಚೇರಿಗೆ ಹೊರಟಾಗ 'ಬೇಗ ಬಾ' ಎಂದ. ಬಾಗಿಲು ದಾಟುವಷ್ಟರಲ್ಲಿ ಬಾಲ ಬಂದು ಬೆನ್ನಿಗೆ ತಾಗಿತು: "ರಗೆ ಹೋದ್ರೆ ನಂಗೆ ಹಾಯೆನಿಸುತ್ತೆ."

ಅದನ್ನು ಅವಳು ಹೊತ್ತುಕೊಂಡು ತಿರುಗಿದಳು. ಬಸ್ಸಿನಲ್ಲಿ, ಕಚೇರಿಯಲ್ಲಿ, ಉತ್ತಯ್ಯನವರು ಏನೋ ಹೇಳುತ್ತಿದ್ದಾಗ, ಆ ಉಸಿರು ಕಿವಿಯ ಹತ್ತಿರವೇ ಇತ್ತು. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಮನುಷ್ಯನ ಒಳಗೆ ಇನ್ನೊಬ್ಬ ಕೂತಿದ್ದಾನೆ, ಅವನು ತನ್ನನ್ನು ಸಹಿಸಲಾರ ಎನ್ನಿಸುತ್ತಿತ್ತು. ಯಂತ್ರವನ್ನು ಸರಿಮಾಡಿದರೆ ಆ ಇನ್ನೊಬ್ಬ ಬಾಯಿ ಮುಚ್ಚುತ್ತಾನೆ, ಹೋಗಿಬಿಡುವುದಿಲ್ಲ. ಹಾಗೆಂದು ಮತ್ತಷ್ಟು ದಿನ ಮುಂದೂಡಿದಳು. ಮನೆಯಲ್ಲಿ ಬೇಕುಬೇಕೆಂದೇ ಪ್ರಶ್ನೆಗಳನ್ನು ಕೇಳತೊಡಗಿದಳು. ಅವನ ಬೆರಳುಗಳು ನಿಂತು ಹಿಂದೆ ಸರಿಯುವುದನ್ನು ನೋಡುತ್ತ ಬಾಲಕ್ಕೆ ಕಾಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವನು ಹಾಲಿನ ಕುರ್ಚಿಯಲ್ಲಿ ಕೂತಿದ್ದ. ಅವಳು ಬಟ್ಟೆ ಮಡಿಸುತ್ತಿದ್ದಳು. ಅವನು ಗುಂಡಿ ಒತ್ತಿದ.

"ನೀರು" ಎಂದಿತು ಯಂತ್ರ. ನಡುವೆ ಉಸಿರಿನ ಸದ್ದಾಗಲಿಲ್ಲ. ಅಕ್ಷರ ಅಳೆದು ಇಟ್ಟಂತೆ ಮುಂದಿನ ಮಾತು ನೇರವಾಗಿ ಬಂತು. "ಕೇಳಿಸ್ಕೊಳ್ತಿದ್ದೀಯ, ಗೊತ್ತು ನಂಗೆ."

ಅವಳ ಕೈಯಲ್ಲಿದ್ದ ಶರಟು ಹಾಗೇ ಉಳಿಯಿತು. ಚಿದಂಬರ ಅವಳನ್ನೇ ನೋಡುತ್ತಿದ್ದ. ಕೋರ್ಟಿನಲ್ಲಿ ಕೊನೆಯ ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಿದ್ದಾಗಿನ ನೋಟ ಅದು. ಸಂಸ್ಥೆಯಿಂದ ಎಲ್ಲ ಬಳಕೆದಾರರಿಗೂ ಬಂದಿದ್ದ ಸೂಚನೆ ಅವನಿಗೂ ಬಂದಿತ್ತು. ದೋಷ ಸರಿಯಾಗಿದೆ ಎಂದಿದ್ದ ಮೇಲೂ ತನ್ನ ಯಂತ್ರ ಮಾತ್ರ ಹಾಗೇ ಇರುವುದನ್ನು ಅವನು ಗಮನಿಸಿದ್ದ. ಅವಳು ಕಚೇರಿಗೆ ಹೋದ ಮೇಲೆ ಒಬ್ಬನೇ ಕೂತು ಬರೆದು, ಅಳಿಸಿ, ಮತ್ತೆ ಬರೆದು, ಯಾವುದು ಉಳಿಯುತ್ತದೆ ಯಾವುದು ಹೋಗುತ್ತದೆ ಎಂದು ಕಂಡುಕೊಂಡಿದ್ದ. ಇದನ್ನೆಲ್ಲ ಅವನು ನಿಧಾನವಾಗಿ ಟೈಪು ಮಾಡಿ ಹೇಳಿಸಿದ.

"ಮೊದ್ಲು ಅದನ್ನ ಸರಿ ಮಾಡು" ಎಂದ. "ಆಮೇಲೆ ಏನು ಬೇಕೋ ನನ್ನೇ ಕೇಳು."

ದಮಯಂತಿ ಅವನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ತಿದ್ದಿದ ಆವೃತ್ತಿಯನ್ನು ಹಾಕಿದಳು. ಪಾಸ್‌ವರ್ಡು ತಪ್ಪಿ ತಪ್ಪಿ ಬಿತ್ತು. ಮುಗಿದ ಮೇಲೆ ಅವನು ಬೇಕೆಂದೇ ಉದ್ದಕ್ಕೆ ಏನೋ ಬರೆದು ಅಳಿಸಿ, 'ಸರಿ' ಎಂದು ಹೇಳಿಸಿದ. ಯಂತ್ರ ಸರಿ ಎಂದು ನಿಂತಿತು. ಅವಳು ಇನ್ನೂ ಕಿವಿಗೊಟ್ಟೇ ಇದ್ದಳು.

"ಆಪರೇಷನ್ ಬೇಡ" ಎಂದಿತು ಅವನ ದನಿ. ಅಲ್ಲಿಗೂ ನಿಂತಿತು.

"ಹಾಗಾದ್ರೆ ಹೋಗೋಣ ಅಂತ ಯಾಕಂದ್ರಿ?"

ನೀನು ಕೇಳಿದೆ, ಅದಕ್ಕೆ ಎಂದ. ಬೇಡ ಎಂದರೆ ನಿನ್ನ ಮುಖ ಏನಾಗುತ್ತದೆ ಎಂದು ಗೊತ್ತಿತ್ತು ಎಂದ. ಆಸ್ಪತ್ರೆಗಿಂತ ಬೇರೆ ಒಂದು ಮಾತು ಅವಳನ್ನು ಕೊರೆಯುತ್ತಿತ್ತು. ಕೊನೆಗೆ ಅದನ್ನೂ ಕೇಳಿದಳು.

"ನಾನು ಹೊರಗೆ ಹೋದ್ರೆ ಹಾಯೆನಿಸುತ್ತೆ ಅಂತ ಬರ್ದಿದ್ರಲ್ಲ. ಅದು ನಿಜಾನಾ?"

ಚಿದಂಬರ ಕೀಲಿಗಳ ಮೇಲೆ ಬೆರಳಿಟ್ಟು ಯೋಚಿಸಿದ. ಈ ಸಲ ಏನನ್ನೂ ಅಳಿಸಲಿಲ್ಲ.

"ಬರ್ದಿದ್ದು ನಿಜ. ಅಳಿಸಿದ್ದೂ ನಿಜ. ನೀನು ಒಂದನ್ನ ಮಾತ್ರ ಕೇಳಿಸ್ಕೊಂಡೆ."

ಸೋಮವಾರ ಅವಳು ಆಸ್ಪತ್ರೆಗೆ ಫೋನು ಮಾಡಿ ಆಪರೇಷನ್ ಬೇಡವೆಂದು ಹೇಳಿದಳು. ಆ ಕಡೆಯವರು ಕಾರಣ ಕೇಳಿದರು. ಅವರಿಗೆ ಬೇಡವಂತೆ ಎಂದಳು.

ಬೇಸಿಗೆ ಕಳೆಯಿತು. ಅವನು ಆ ದಿನಗಳಲ್ಲಿ ಚೆನ್ನಾಗಿಯೇ ಮಾತಾಡಿದ. ಪಕ್ಕದ ಮನೆಯವರ ವ್ಯಾಜ್ಯಕ್ಕೆ ಸಲಹೆ ಕೊಟ್ಟ, ಮೂಲೆಯ ಅಂಗಡಿಯ ಬೆಣ್ಣೆ ಬಿಸ್ಕತ್ತು ತರಿಸಿ ಹಾಲಿನಲ್ಲಿ ನೆನೆಸಿ ತಿಂದ, ಅವಳು ಓದಿದ ಪೇಪರಿನ ಸುದ್ದಿಗೆ ತಕರಾರು ತೆಗೆದ. ಆದರೆ ಯಂತ್ರ ಒಂದು ವಾಕ್ಯ ಮುಗಿಸಿದ ಮೇಲೆ ದಮಯಂತಿಗೆ ಉತ್ತರ ಕೊಡಲು ತಡವಾಗುತ್ತಿತ್ತು. ಮಾತು ನಿಂತ ಮೇಲಿನ ಆ ಖಾಲಿಯಲ್ಲಿ ಅವಳು ಕಾಯುತ್ತಿದ್ದಳು. ಅಲ್ಲೇನೂ ಇಲ್ಲವೆಂದು ಅವಳಿಗೆ ಹೇಳಲಾಗುತ್ತಿರಲಿಲ್ಲ, ಏಕೆಂದರೆ ಇರಬಹುದಿತ್ತು. ಸೊನ್ನೆಯ ಆಚೆ ಅಕ್ಷರಗಳು ನಿಂತಿರಬಹುದಿತ್ತು. ಅವನಿಗೆ ಅದು ತಿಳಿಯುತ್ತಿತ್ತು. ಅವಳ ಮೊಣಕೈಯನ್ನು ಮೆಲ್ಲಗೆ ತಟ್ಟಿ ಎಚ್ಚರಿಸುತ್ತಿದ್ದ.

ಮಳೆಗಾಲ ಹಿಡಿಯುವ ಹೊತ್ತಿಗೆ ಟೈಪು ಮಾಡುವುದು ಅವನಿಗೆ ಭಾರವಾಯಿತು. ಮಂಚದ ಪಕ್ಕದಲ್ಲೇ ಯಂತ್ರ ಇಟ್ಟಿದ್ದರು. ಕೊನೆಯ ದಿನ ಬೆಳಿಗ್ಗೆ ಅವಳು ಔಷಧಿ ಬೆರೆಸುತ್ತಿದ್ದಾಗ ಬೆನ್ನ ಹಿಂದೆ ಕೀಲಿಗಳ ಸದ್ದು ಕೇಳಿಸಿತು. ಒಂದಾದ ಮೇಲೊಂದು, ತಡೆದು ತಡೆದು, ಬಹಳ ಹೊತ್ತು. ಆಮೇಲೆ ಒಂದೇ ಕೀಲಿಯನ್ನು ಅದುಮಿ ಹಿಡಿದ ಸದ್ದು. ತಿರುಗಿ ನೋಡಿದಳು. ಪರದೆ ಖಾಲಿಯಾಗಿತ್ತು. ಅವನು ಹಸಿರು ಗುಂಡಿ ಒತ್ತಲಿಲ್ಲ. ಅವಳನ್ನು ನೋಡಿ ಕಣ್ಣಿನಲ್ಲೇ ಸಣ್ಣಗೆ ನಕ್ಕು ದಿಂಬಿಗೆ ತಲೆ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟ.

ನೆಂಟರು ಬಂದರು, ಮಾಡಬೇಕಾದ್ದನ್ನು ಮಾಡಿದರು, ತಿಥಿಯ ಊಟ ಮುಗಿಸಿ ಹೊರಟರು. ಯಂತ್ರವನ್ನು ಯಾರೋ ಆರಿಸಲು ಹೋದಾಗ ದಮಯಂತಿ ತಡೆದಳು. ಕರೆಂಟಿನ ತಂತಿ ಕೀಳಬೇಡಿ ಎಂದಳು. ಯಂತ್ರ ಆರಿದರೆ ಸ್ಮೃತಿಯಲ್ಲಿದ್ದದ್ದೆಲ್ಲ ಹೋಗುತ್ತಿತ್ತು. ಯಾರೂ ಕಾರಣ ಕೇಳಲಿಲ್ಲ. ಉತ್ತಯ್ಯನವರು ಫೋನು ಮಾಡಿ, ನಿಯಮದ ಪ್ರಕಾರ ದನಿಯ ಫೈಲು ಮನೆಯವರಿಗೆ ಸೇರಿದ್ದು, ಇಟ್ಟುಕೊಳ್ಳುವುದೋ ಅಳಿಸುವುದೋ ಅವಳೇ ಹೇಳಬೇಕು ಎಂದರು. ಇಟ್ಟುಕೊಳ್ಳುತ್ತೇನೆ ಎಂದಳು.

ಮನೆ ಖಾಲಿಯಾದ ಮೇಲೆ ಒಂದು ಅಪರಾಹ್ನ ಅವಳು ಮಂಚದ ಅಂಚಿನಲ್ಲಿ ಕೂತು ಯಂತ್ರವನ್ನು ತೊಡೆಯ ಮೇಲೆ ಎಳೆದುಕೊಂಡಳು. ಪರದೆಯ ಮೇಲೆ ಟೈಪು ಮಾಡುವ ಖಾಲಿ ಚೌಕದಲ್ಲಿ ಗೀಟು ಮಿನುಗುತ್ತಿತ್ತು. ಆ ಬೆಳಗಿನಿಂದ ಯಾರೂ ಕೀಲಿ ಮುಟ್ಟಿರಲಿಲ್ಲ, ಯಾವ ಮಾತೂ ಆಡಿರಲಿಲ್ಲ, ಗುಡಿಸಿರಲಿಲ್ಲ. ಅವನು ಬರೆದು ಅಳಿಸಿದ್ದು ಒಳಗೆ ಇಡಿಯಾಗಿ ಇತ್ತು, ಈ ಸಲ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ. ಸ್ಮೃತಿಯನ್ನು ತೆರೆದು ಓದುವ ಉಪಾಯ ಅವಳಿಗೆ ಗೊತ್ತಿತ್ತು. ಓದುವುದೂ ಬೇಡ, ಆ ವಿಳಾಸವನ್ನು ಲೈಬ್ರರಿಗೆ ಕೊಟ್ಟರೆ ಅವನ ದನಿಯೇ ಹೇಳುತ್ತದೆ. ಅವಳು ಪ್ರೋಗ್ರಾಮನ್ನು ತಡೆದು ನಿಲ್ಲಿಸುವ ಆಜ್ಞೆಯವರೆಗೂ ಹೋದಳು. ಬೈದಿರಬಹುದು. ಕ್ಷಮೆ ಕೇಳಿರಬಹುದು. ನೋವಿನ ಮಾತ್ರೆ ಎಲ್ಲಿದೆ ಎಂದು ಕೇಳಿರಬಹುದು. ಯಾವುದಾದರೂ ಆಗಲಿ, ಅದನ್ನು ಅಳಿಸಿ ಅವನು ನಕ್ಕಿದ್ದ.

ಅವಳು ಆಜ್ಞೆಯನ್ನು ರದ್ದು ಮಾಡಿ ಖಾಲಿ ಚೌಕಕ್ಕೆ ಬಂದಳು. ಟೈಪು ಮಾಡತೊಡಗಿದಳು.

ಒಂದೊಂದು ಅಕ್ಷರ ಬಿದ್ದಾಗಲೂ ಒಳಗೆ ಅವನದೊಂದು ಅಕ್ಷರ ಹೋಗುತ್ತಿದೆಯೆಂದು ಅವಳಿಗೆ ತಿಳಿದಿತ್ತು. ಬೆರಳು ಒಮ್ಮೆ ತಡೆಯಿತು. ಆಮೇಲೆ ಸರಾಗವಾಗಿ ನಡೆಯಿತು. ಹೇಳುವುದು ಬಹಳ ಇತ್ತು. ಅವನಿಗೆ ಎಂದೂ ಹೇಳದ್ದನ್ನು, ಹೇಳಲು ಹೋಗಿ ಬೇರೆ ಏನೋ ಹೇಳಿದ್ದನ್ನು, ಒಂದಷ್ಟು ಕೋಪವನ್ನು, ಎಲ್ಲವನ್ನೂ ಬರೆದಳು. ಹೊರಗೆ ತರಕಾರಿಯವನು ಕೂಗಿಕೊಂಡು ಹೋದ. ಬಿಸಿಲು ಮಂಚದಿಂದ ಗೋಡೆಗೆ ಹತ್ತಿತು. ಚೌಕ ತುಂಬಿ, ಇನ್ನೊಂದು ಅಕ್ಷರಕ್ಕೂ ಜಾಗವಿಲ್ಲವೆಂದು ಯಂತ್ರ ಟುಂಯ್ ಎನ್ನುವವರೆಗೆ ಬರೆದಳು.

ಬರೆದದ್ದನ್ನು ಒಂದು ಸಲ ಓದಿಕೊಂಡಳು. ಹಸಿರು ಗುಂಡಿ ಒತ್ತಿದರೆ ಅವಳ ಮಾತುಗಳು ಅವನ ದನಿಯಲ್ಲಿ ಬರುತ್ತಿದ್ದವು. ಒತ್ತಲಿಲ್ಲ. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು, ಚೌಕ ಪೂರ್ತಿ ಖಾಲಿಯಾಗುವ ತನಕ ಅದುಮಿ ಹಿಡಿದಳು.